ಗಿಂಡಿಯಲ್ಲಿದ್ದ ನೀರು

ಹೊಸ ಪೇಠದ ಮೂಲೆಯಲ್ಲಿ ರಿಕ್ಷಾ ಇಳಿದಾಗ ಮೊದಲು ಮೂಗಿಗೆ ಬಂದದ್ದು ಒದ್ದೆ ಬಟ್ಟೆಯ ವಾಸನೆ. ಯಾರದೋ ಮನೆಯ ಹೊರಗಿನ ನಳದ ಬಾಯಿಗೆ ಬಿಳಿಯ ದಪ್ಪ ಬಟ್ಟೆ ಕಟ್ಟಿದ್ದರು. ನೀರು ಬಂದು ಹೋಗಿತ್ತು, ಬಟ್ಟೆ ಇನ್ನೂ ತೊಟ್ಟಿಕ್ಕುತ್ತಿತ್ತು. ತುಸು ಮಣ್ಣು, ತುಸು ಪಾಚಿ ಬೆರೆತ, ಎಷ್ಟು ಒಗೆದರೂ ಪೂರ್ತಿ ಹೋಗದ ಆ ವಾಸನೆಗೆ ನಡುರಸ್ತೆಯಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಬಂದ ಸೈಕಲ್ಲಿನವನು ಮರಾಠಿಯಲ್ಲಿ ಬೈದುಕೊಂಡು ಹೋದ.

ಕೊಲ್ಲಾಪುರದ ಈ ಬಡಾವಣೆಯನ್ನು ಜನ ಈಗಲೂ ಹೊಸ ಪೇಠ ಎಂದೇ ಕರೆಯುತ್ತಾರೆ. ಹೊಸದೇನೂ ಉಳಿದಿಲ್ಲ. ನಾವು ಬಂದಾಗ ಮೊಣಕಾಲೆತ್ತರ ಇದ್ದ ಬೇವಿನ ಸಸಿಗಳು ಈಗ ರಸ್ತೆಯ ಎರಡೂ ಬದಿಯಿಂದ ಬಾಗಿ ಮೇಲೆ ಕೂಡಿಕೊಂಡಿವೆ. ಹಂಚಿನ ಮನೆಗಳ ಮೇಲೆ ಅಂತಸ್ತು ಏರಿವೆ. ಇದು ಜೋಳದ ಹೊಲವಾಗಿತ್ತು, ಸುಣ್ಣದ ಗೆರೆ ಎಳೆದು ಪ್ಲಾಟು ಮಾಡಿದರು ಎಂದರೆ ಈಗಿನವರು ನಗುತ್ತಾರೆ. ಆ ಸುಣ್ಣದ ಗೆರೆಗಳನ್ನು ನಾನೇ ಕಂಡಿದ್ದೆನೋ, ಅತ್ತೆ ಹೇಳಿದ್ದನ್ನು ಕೇಳಿ ಕೇಳಿ ಕಂಡಂತೆ ಮಾಡಿಕೊಂಡೆನೋ, ನನಗೂ ಗೊತ್ತಿಲ್ಲ.

ನನ್ನ ನೆನಪನ್ನು ನಾನು ಪೂರ್ತಿ ನಂಬುವವನಲ್ಲ. ನಾನು ಆಣೆ ಮಾಡಿ ಹೇಳಿದ್ದನ್ನು ನನ್ನ ಹೆಂಡತಿ ಹಳೆಯ ಕಾಗದ ತೆಗೆದು ಸುಳ್ಳು ಮಾಡಿ ತೋರಿಸಿದ್ದು ಎಷ್ಟು ಸಲವೋ. ಆದರೂ ಆ ಒಂದು ಮಳೆಗಾಲದ ಒಂದು ಸಂಗತಿ ಮಾತ್ರ ಅಲುಗದ್ದು ಎಂದುಕೊಂಡಿದ್ದೆ. ಅದಕ್ಕೆ ನನ್ನ ಕೈಬರಹದ ಸಾಕ್ಷಿ ಇತ್ತು.

ಎರಡನೆಯ ಮಹಾಯುದ್ಧ ಶುರುವಾಗಿತ್ತು. ಅದರ ಮೊದಲ ವರ್ಷವೋ ಎರಡನೆಯದೋ ಹೇಳಲಾರೆ. ಪುಣೆಯಲ್ಲಿ ಬಿ.ಎಸ್ಸಿ. ಮುಗಿಸಿ ಮನೆಗೆ ಬಂದಿದ್ದೆ. ಅರ್ಜಿ ಹಾಕುವುದು, ಟಪಾಲಿನವನ ದಾರಿ ಕಾಯುವುದು, ಓದಿ ಬಂದದ್ದನ್ನೆಲ್ಲ ಮನೆಯವರ ಮೇಲೆ ಪ್ರಯೋಗಿಸುವುದು, ಇಷ್ಟೇ ಕೆಲಸ. ಮನೆಯವರು ಎಂದರೆ ಒಬ್ಬಳೇ, ನನ್ನ ಅಪ್ಪನ ಅಕ್ಕ ಚಂಪವ್ವ. ನನಗೆ ನಾಲ್ಕು ತುಂಬುವುದರೊಳಗೆ ಅಪ್ಪ ಅವ್ವ ಇಬ್ಬರೂ ಹೋಗಿದ್ದರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡಿದ್ದ ಅತ್ತೆ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಾಂದಣಿಯಿಂದ ಕೊಲ್ಲಾಪುರಕ್ಕೆ ಬಂದಳು. ಹುಡುಗ ಇಂಗ್ರಜಿ ಸಾಲೆ ಕಲಿಯಬೇಕು ಎಂಬುದೊಂದೇ ಅವಳ ಹಟ. ಹೊಸ ಪೇಠದಲ್ಲಿ ಎದ್ದ ಮೊದಲ ಮನೆಗಳಲ್ಲಿ ನಮ್ಮ ಮೂರು ಖೋಲಿಯ ಮನೆಯೂ ಒಂದು.

ಮೂಲೆಯಲ್ಲೊಂದು ಬಾವಿ. ಹೊಲವಿದ್ದ ಕಾಲದ್ದು. ಸುತ್ತಲಿನ ಆರು ಮನೆಗಳಿಗೆ ಅದೇ ನೀರು. ಅತ್ತೆಯ ದಿನ ಅಲ್ಲಿಂದ ಶುರುವಾಗುತ್ತಿತ್ತು. ನಾವು ಜೈನರು, ಸೋಸದೆ ನೀರು ಕುಡಿಯುವಂತಿಲ್ಲ. ಇಷ್ಟು ಎಲ್ಲರಿಗೂ ಗೊತ್ತು. ಸೋಸಿದ ಮೇಲಿನ ಕೆಲಸ ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಬಟ್ಟೆಯ ಮೇಲೆ ಉಳಿದ ಸಣ್ಣ ಜೀವಗಳನ್ನು, ಸೋಸಿದ ನೀರಿನಿಂದಲೇ ಆ ಬಟ್ಟೆ ಜಾಲಿಸಿ, ಚಿಕ್ಕದೊಂದು ಹಿತ್ತಾಳೆ ಗಿಂಡಿಗೆ ಇಳಿಸಿಕೊಳ್ಳಬೇಕು. ಆ ನೀರಿಗೆ ಜೀವಾಣಿ ಎಂದು ಹೆಸರು. ಎಲ್ಲಿಂದ ಬಂದವೋ ಅಲ್ಲಿಗೇ ಅವನ್ನು ಮರಳಿಸಬೇಕು, ಬೇರೆ ಬಾವಿ ಆಗದು. ಮೇಲಿನಿಂದ ಸುರಿದರೆ ಬಿದ್ದ ಪೆಟ್ಟಿಗೆ ಸಾಯುತ್ತವೆ. ಅದಕ್ಕೇ ನಮ್ಮ ಗಿಂಡಿಯ ತಳಕ್ಕೊಂದು ಕೊಂಡಿ ಬೆಸೆದಿತ್ತು. ಹಗ್ಗದಿಂದ ಇಳಿಸಿ, ನೀರು ಮುಟ್ಟಿದ ಮೇಲೆ ತಳದ ಕೊಂಡಿಗೆ ಕಟ್ಟಿದ ಇನ್ನೊಂದು ಹಗ್ಗ ಜಗ್ಗಿದರೆ ಗಿಂಡಿ ಮೆಲ್ಲಗೆ ಬೋರಲಾಗುತ್ತಿತ್ತು. "ಅವರನ್ನ ಅವರ ಮನೀಗಿ ಮುಟ್ಟಿಸಿದ್ನೆಪಾ," ಎನ್ನುತ್ತ ಅತ್ತೆ ಹಗ್ಗ ಸುತ್ತಿಕೊಂಡು ಬರುವಳು. ಅಲ್ಲಿಯವರೆಗೆ ಅವಳ ಬಾಯಿಗೆ ಒಂದು ಹನಿ ನೀರಿಲ್ಲ.

ಆ ಬೇಸಿಗೆಯಲ್ಲಿ ರಸ್ತೆ ಅಗೆದು ಕಬ್ಬಿಣದ ಕೊಳವೆ ಹಾಕಿದರು. ಮನೆಮನೆಗೆ ನಳ ಬರುವುದಿತ್ತು. ಮೋಟಾರು ಓಡಾಡಲು ರಸ್ತೆ ಅಗಲ ಮಾಡುವುದಿತ್ತು, ಬಾವಿ ಆ ಅಗಲದೊಳಗೆ ಬರುತ್ತಿತ್ತು. ನಳ ಬಂದ ಮೇಲೆ ಬಾವಿ ಮುಚ್ಚುವುದೆಂದು ಓವರ್‌ಸೀಯರ್ ಬಂದು ಹೇಳಿ ಹೋದ. ಪೇಠಕ್ಕೆ ಪೇಠವೇ ಹಿಗ್ಗಿತು. ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಪಕ್ಕದ ಮನೆಯ ಗಂಗಾ ವೈನಿ. ಕಿರಾಣಿ ವ್ಯಾಪಾರದ ಲಿಂಗಾಯತರ ಮನೆಗೆ ಗಡಿಂಗ್ಲಜದಿಂದ ಆಗಷ್ಟೇ ಮದುವೆಯಾಗಿ ಬಂದ ಸೊಸೆ. ನನಗೆ ಅವರು ವೈನಿ, ಅಂದರೆ ಅತ್ತಿಗೆ; ಅವರಿಗೆ ನಾನು ಭಾವೂಜಿ, ಮೈದುನ. ನೆರೆಮನೆಯ ನಂಟು ಅಷ್ಟೇ, ಆದರೆ ನೆಂಟರಿಗಿಂತ ಹೆಚ್ಚು.

"ತವರಮನ್ಯಾಗ ಹೊಳೀಗಿ ಹೋಗಿ ಹೋಗಿ ನಡಾ ಬಿದ್ದಿತ್ರಿ," ಎಂದು ಅಂಗೈಯ ಬೊಬ್ಬೆ ತೋರಿಸಿದರು. "ಇಲ್ಲೆ ಬಂದ್ರ ಈ ಹಗ್ಗ. ಇನ್ನ ನಳದ ಕಿವಿ ಹಿಂಡಿದ್ರ ನೀರು ಅಂದ್ರ ಯಾರಿಗಿ ಬ್ಯಾಡ?"

ಅತ್ತೆ ಮಾತ್ರ ಒಂದೇ ಪ್ರಶ್ನೆ ಕೇಳಿದಳು. "ಜಿನ್ನೂ, ಆ ನೀರು ಎಲ್ಲಿಂದ ಬರತೈತಿ?"

"ಕೊಳವಿಯಿಂದ ಬರತೈತಿ ಅತ್ತಿ."

"ಕೊಳವಿ ಯಾರ ಮನೀನೂ ಅಲ್ಲ. ಸೋಸಿದ ಮ್ಯಾಲ ಅವನ್ನ ಎಲ್ಲೆ ಬಿಡ್ಲಿ? ತಿರುಗಿ ನಳದ ಬಾಯಾಗ ತುಂಬಲೇನು?"

ಇಲ್ಲಿ ನಾನು ಕಲಿತವನ ತಪ್ಪೊಂದು ಮಾಡಿದೆ. ನಿಜವಾದ ಸೂಕ್ಷ್ಮಜೀವಿಗಳು ಬಟ್ಟೆಗೆ ಸಿಗುವಷ್ಟು ದೊಡ್ಡವಲ್ಲ, ಆದ್ದರಿಂದ ಇದೆಲ್ಲ ವ್ಯರ್ಥ ಎಂದು ಸಿದ್ಧ ಮಾಡಿ ತೋರಿಸಲು ಹೊರಟೆ. ಪೇಠದ ಡಾಕ್ಟರರ ದವಾಖಾನೆಯಲ್ಲಿ ಒಂದು ಸೂಕ್ಷ್ಮದರ್ಶಕವಿತ್ತು. ಬಾವಿಯ ನೀರಿನ ಒಂದು ಹನಿ ಇಟ್ಟು ಅತ್ತೆಯನ್ನು ಅದರ ಮುಂದೆ ಕೂರಿಸಿದೆ. ಸೆರಗು ಹಿಂದಕ್ಕೆ ಸರಿಸಿ, ಒಂದು ಕಣ್ಣು ಮುಚ್ಚಿ, ಅವಳು ಬಹಳ ಹೊತ್ತು ನೋಡಿದಳು.

"ಇದು ಈಜಾಡಾಕತ್ತೈತಿ," ಎಂದಳು, ಉಸಿರು ಬಿಗಿಹಿಡಿದು.

"ಹೌದು. ಇಂಥಾವು ನಿನ್ನ ಬಟ್ಟೀಗಿ ಸಿಗೂದಿಲ್ಲ ಅತ್ತಿ."

"ಸಿಗಲಾರದ್ದು ಹಂಗಿರ್ಲಿ. ನಾ ಕಾಣದನ ನಂಬಿದ್ದೆ. ನೀ ಕಂಡ ಮ್ಯಾಲೂ ನಂಬೂದಿಲ್ಲಲ್ಲೋ!"

ಡಾಕ್ಟರರು ಬಿದ್ದು ಬಿದ್ದು ನಕ್ಕರು. ಎರಡು ಮಡಿಕೆಯಲ್ಲಿದ್ದ ಬಟ್ಟೆ ಮರುದಿನದಿಂದ ನಾಲ್ಕು ಮಡಿಕೆಯಾಯಿತು.

ಮುಂಗಾರಿಗೆ ಕೆಲವೇ ದಿನ ಉಳಿದಿರುವಾಗ ಬಾವಿ ಮುಚ್ಚಲು ಬಂದರು. ಗಾಡಿಯಿಂದ ಮುರುಮು ಮಣ್ಣು ಇಳಿಸಿ ಆಳುಗಳು ಬುಟ್ಟಿ ಹಿಡಿದು ನಿಂತಿದ್ದರು. ಅತ್ತೆ ಗಿಂಡಿ ಹಿಡಿದುಕೊಂಡು ಅವರ ನಡುವೆಯೇ ಹೋದಳು. "ಥಾಂಬಾ ಭಾವಾ, ಥೋಡಂ ಥಾಂಬಾ," ಎಂದು ತನ್ನ ಮುರುಕು ಮರಾಠಿಯಲ್ಲಿ ಅವರನ್ನು ನಿಲ್ಲಿಸಿ ಹಗ್ಗ ಇಳಿಬಿಟ್ಟಳು. ಅದು ಬೋರಲಾದ ಮೇಲೂ ಎತ್ತಲಿಲ್ಲ. ಬಾಗಿ ಒಳಗೆ ನೋಡುತ್ತಲೇ ಇದ್ದಳು. ಮನೆಗೆ ಮುಟ್ಟಿಸಿದವರ ಮೇಲೆಯೇ ಮನೆ ಬೀಳುವುದಿತ್ತು. ಓವರ್‌ಸೀಯರ್ ಗಡಿಯಾರ ನೋಡಿಕೊಂಡ. ಆದರೆ ಬೈಯಲಿಲ್ಲ, ಅಷ್ಟು ನೆನಪಿದೆ. ಮೊದಲ ಬುಟ್ಟಿ ಬಿದ್ದ ಸದ್ದು ಕೇಳಿದಾಗ ಅವಳು ನನ್ನ ತೋಳು ಹಿಡಿದಿದ್ದಳು ಎಂದು ಅನಿಸುತ್ತದೆ. ಅದು ಆಮೇಲೆ ನಾನು ಸೇರಿಸಿಕೊಂಡದ್ದೂ ಇರಬಹುದು.

ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ಒಂದು ಗಂಟು ಕಂಡಿತು. ಎರಡು ಸೀರೆ, ಜಪಮಾಲೆ, ಮೇಲೆ ಗಿಂಡಿ. ಹಿಂದಿನ ದಿನದಿಂದ ಅತ್ತೆ ನೀರು ಮುಟ್ಟಿರಲಿಲ್ಲ. ತುಟಿ ಬೆಳ್ಳಗಾಗಿದ್ದವು.

"ನಾಂದಣಿಗಿ ಹೊಂಟೇನಿ. ನಿಮ್ಮ ಕಾಕಾನ ಹೊಲದಾಗ ಬಾವಿ ಐತಿ. ನಿನಗ ನೌಕರಿ ಹತ್ತೂತನಾ ಗಂಗವ್ವ ರೊಟ್ಟಿ ಬಡದು ಕೊಡ್ತಾಳ, ಹೇಳೇನಿ."

"ಎಷ್ಟು ದಿನಕ್ಕ?"

"ಬಾವಿಗಿ ದಿನಾ ಇರತಾವೇನೋ ಹುಚ್ಚಪ್ಪಾ?"

ಅವಳು ನನಗಾಗಿ ಕಟ್ಟಿದ ಮನೆ ಅದು. ಅದರಲ್ಲಿ ಅವಳಿಲ್ಲದೆ ನಾನು ಇರುವ ಚಿತ್ರ ಒಂದು ಕ್ಷಣ ಕಣ್ಣ ಮುಂದೆ ಬಂತು, ತಡೆಯಲಾಗಲಿಲ್ಲ. ಚಪ್ಪಲಿ ಸಹ ಮೆಟ್ಟದೆ ಓವರ್‌ಸೀಯರನ ಹತ್ತಿರ ಓಡಿದೆ. ಕೊಳವೆಯ ನೀರು ಎಲ್ಲಿಯದೆಂದು ಕೇಳಿಕೊಂಡು ಬಂದೆ. ಕಳಂಬಾ ಕೆರೆ. ಪೇಠದಿಂದ ಸುಮಾರು ಮೂರು ಮೈಲಿ.

"ಅತ್ತಿ, ಅವರ ಮನಿ ಸಿಕ್ತು! ಕಳಂಬಾ ಕೆರಿ. ದಿನಾ ಮುಂಜಾನೆ ಸೈಕಲ್ ಮ್ಯಾಲ ನಾ ಒಯ್ದು ಬಿಟ್ಟು ಬರ್ತೇನಿ."

"ಮಳಿ ಬಂದ್ರ?"

"ಬಂದ್ರೂ. ಬೇಕಾದ್ರ ಆಣಿ ಮಾಡ್ತೇನಿ."

"ಆಣಿ ಬ್ಯಾಡ. ಹೂಂ ಅಂದ್ರ ಸಾಕು."

"ಹೂಂ," ಎಂದೆ. ಅವಳು ಗಂಟು ಬಿಚ್ಚಿದಳು. ನಳಕ್ಕೆ ನಾಲ್ಕು ಮಡಿಕೆಯ ಬಟ್ಟೆ ಕಟ್ಟಿ, ಆ ನೀರು ಕುಡಿದಳು.

ಮೊದಲ ದಿನಗಳ ಸೈಕಲ್ ಸವಾರಿ ನನ್ನ ಬದುಕಿನ ಒಳ್ಳೆಯ ಬೆಳಗುಗಳಲ್ಲಿ ಸೇರುತ್ತದೆ. ಮುಚ್ಚಳ ಹಾಕಿದ ಗಿಂಡಿ ಹ್ಯಾಂಡಲ್ಲಿಗೆ ತೂಗಾಡುತ್ತಿತ್ತು. ಇಕ್ಕೆಲದಲ್ಲಿ ಕಬ್ಬು. ಎದುರಿಗೆ ಕಾವಡಿಯಲ್ಲಿ ಹಾಲಿನ ಕೊಡ ಹೊತ್ತು ಬರುವ ಸಖಾರಾಮ. ಕಳಂಬಾ ಊರಿನವನು, ನಮ್ಮ ಪೇಠಕ್ಕೆಲ್ಲ ಅವನದೇ ಹಾಲು. ನನ್ನನ್ನು ಕಂಡು "ಕಾಯ್ ಮಾಸ್ತರ್, ದೇವಾಲಾ?" ಎಂದು, ದೇವರಿಗೆ ಹೊರಟೆಯಾ ಎಂದು ಕೇಳಿ ನಗುವನು. ಕೆರೆಯಲ್ಲಿ ಮೊಣಕಾಲುಮಟ ಇಳಿದು ಗಿಂಡಿಯನ್ನು ನೀರೊಳಗೇ ಮೆಲ್ಲಗೆ ಬಾಗಿಸುತ್ತಿದ್ದೆ. ನಂಬಿಕೆ ಇಲ್ಲದ ಕೈ ಅಷ್ಟು ಜೋಪಾನ ಮಾಡಿದ್ದು ಹೇಗೋ. ಎಷ್ಟು ದಿನ ಹೀಗೆ ಹೋದೆ? ಒಮ್ಮೊಮ್ಮೆ ಒಂದು ತಿಂಗಳು ಅನಿಸುತ್ತದೆ. ಪ್ರಾಮಾಣಿಕವಾಗಿ ಲೆಕ್ಕ ಹಾಕಿದರೆ ಹದಿನೈದು ದಿನ ದಾಟುವುದಿಲ್ಲ.

ಆಷಾಢದ ಮಳೆ ಹಿಡಿಯಿತು. ಕೊಲ್ಲಾಪುರದ ಮಳೆಗೆ ನಡುವೆ ಉಸಿರು ತೆಗೆದುಕೊಳ್ಳುವ ರೂಢಿ ಇಲ್ಲ. ಎರಡು ಸಲ ಜಾರಿ ಬಿದ್ದೆ. ಒಮ್ಮೆ ಮೂರು ದಿನ ಜ್ವರ ಬಂತು, ಆ ದಿನಗಳಲ್ಲಿ ಜೀವಾಣಿ ಹೇಗೆ ಹೋಯಿತೋ ಕೇಳುವ ಎಚ್ಚರ ನನಗಿರಲಿಲ್ಲ. ಜ್ವರ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಪೇಠದ ತಿರುವು ದಾಟಿ, ಹೊಸದಾಗಿ ಕಟ್ಟಿದ ಗಟಾರದ ಪಕ್ಕ ಸೈಕಲ್ ನಿಲ್ಲಿಸಿದೆ. ಹಿಂದೆ ಮುಂದೆ ನೋಡಿ ಗಿಂಡಿ ಬೋರಲು ಹಾಕಿದೆ. ಒಂದು ಮರದ ಕೆಳಗೆ ಹೊತ್ತು ಕಳೆದು ಮನೆಗೆ ಬಂದೆ. ಮರುದಿನವೂ ಅದೇ. ಆಮೇಲೆ ಅದೇ ರೂಢಿಯಾಯಿತು.

ಸುಳ್ಳು ಹೇಳುವವನಿಗೆ ವಿವರಗಳ ಹುಚ್ಚು. "ಇವತ್ತ ಕೆರಿ ಮ್ಯಾಲ ಬೆಳ್ಳಕ್ಕಿ ಬಂದಿದ್ದೂ ಅತ್ತಿ," ಎನ್ನುತ್ತಿದ್ದೆ.

"ಹೌದೇನು? ಎಷ್ಟ ಬಂದಿದ್ದೂ?"

"ಇಪ್ಪತ್ತರ ಮ್ಯಾಲ."

"ಬರ್ಲಿ ಬರ್ಲಿ. ತಲಿ ಒರಸ್ಕೋ ಮೊದಲ," ಎಂದು ಅವಳು ಒಣ ಪಂಚೆ ಕೊಡುತ್ತಿದ್ದಳು.

ಮನಸ್ಸು ಚುಚ್ಚುತ್ತಿತ್ತು. ಅದಕ್ಕೆ ಮದ್ದನ್ನೂ ವಿಜ್ಞಾನದಲ್ಲೇ ಹುಡುಕಿದೆ. ನಳದ ನೀರಿನಲ್ಲಿ ಜೀವಗಳೇ ಇಲ್ಲ ಎಂದು ಸಿದ್ಧವಾದರೆ ನಾನು ಸುರಿದದ್ದು ಬರೀ ನೀರು, ತಪ್ಪೇ ಇಲ್ಲ. ಶ್ರಾವಣದ ಒಂದು ದಿನ ಗಿಂಡಿಯನ್ನು ಗಟಾರಕ್ಕೆ ಸುರಿಯುವ ಮೊದಲು ಡಾಕ್ಟರರಲ್ಲಿಗೆ ಒಯ್ದೆ. ಮೂರು ಗಾಜಿನ ಚೂರುಗಳ ಮೇಲೆ ಮೂರು ಹನಿ. ಮೂರರಲ್ಲೂ ಏನೂ ಅಲುಗಲಿಲ್ಲ. ಕುಣಿಯುವುದೊಂದು ಬಾಕಿ. ಅಲ್ಲೇ ಕುಳಿತು ನೋಟುಬುಕ್ಕಿನಲ್ಲಿ ಬರೆದುಕೊಂಡು ಮನೆಗೆ ಓಡಿಬಂದೆ.

"ಅತ್ತಿ, ನಳದ ನೀರಾಗ ಒಂದೂ ಜೀವ ಇಲ್ಲ! ಗಿಂಡ್ಯಾಂದು ನೋಡಿ ಬಂದೆ. ಒಂದೂ!"

"ಒಂದೂ ಇಲ್ಲೇನು?"

"ಒಂದೂ ಇಲ್ಲ."

"ಚೊಲೊ ಆತು," ಎಂದು ಅವಳು ಒಲೆಯ ಕಡೆ ತಿರುಗಿದಳು. ಸೆರಗು ಬಾಯಿಗೆ ಹಿಡಿದಿದ್ದಳು. ಭುಜ ಅಲುಗುತ್ತಿದ್ದವು. ಜೀವಮಾನದ ನೇಮವೊಂದು ಕುಸಿದು ಬಿದ್ದ ದುಃಖ ಎಂದುಕೊಂಡು ನಾನು ಸುಮ್ಮನೆ ಹೊರಗೆ ಬಂದೆ.

ದಸರೆಯ ಹೊತ್ತಿಗೆ ಇಚಲಕರಂಜಿಯ ಒಂದು ಶಾಲೆಯಲ್ಲಿ ವಿಜ್ಞಾನದ ಮಾಸ್ತರಿಕೆ ಸಿಕ್ಕಿತು. ಹೊರಡುವ ಮುನ್ನ ಗಿಂಡಿಯ ಮಾತೆತ್ತಿದೆ. ಇನ್ನು ಯಾರು ಒಯ್ಯುವರು?

"ಒಂದೂ ಇಲ್ಲಂದ ಮ್ಯಾಲ ಒಯ್ಯೂದು ಏನೈತೋ?" ಎಂದಳು ಅತ್ತೆ. "ನೀ ಚಿಂತಿ ಮಾಡಬ್ಯಾಡ. ನಾ ಎಲ್ಲೂ ಹೋಗೂದಿಲ್ಲ, ಇಲ್ಲೇ ಇರ್ತೇನಿ."

ಇದ್ದಳು. ಆ ಮನೆಯಲ್ಲಿ, ಆ ನಳದ ನೀರು ಕುಡಿದುಕೊಂಡು ಆರೇಳು ವರ್ಷ ಇದ್ದು ಅಲ್ಲೇ ತೀರಿಕೊಂಡಳು. ನಾನು ಇಚಲಕರಂಜಿಯ ಮಗ್ಗಗಳ ಸದ್ದಿನ ನಡುವೆ ಪ್ರತಿವರ್ಷ ಹೊಸ ತರಗತಿಗೆ ಈ ಕತೆ ಹೇಳುತ್ತಿದ್ದೆ. ಮೂರು ಹನಿ ನೀರು ಒಬ್ಬ ಮುದುಕಿಯನ್ನು ಮೂಢನಂಬಿಕೆಯಿಂದ ಬಿಡಿಸಿದ ಕತೆ. ಗಟಾರದ ಭಾಗ ಹೇಳುತ್ತಿರಲಿಲ್ಲ.

ಮೊನ್ನೆ ರಿಕ್ಷಾ ಇಳಿದು ಹೋದಾಗ ಗಂಗಾ ವೈನಿ ತಮ್ಮ ಮನೆಯ ಕಟ್ಟೆಯ ಮೇಲೆಯೇ ಸಿಕ್ಕರು. ಹಲ್ಲು ಹೋಗಿವೆ, ದನಿ ಹೋಗಿಲ್ಲ.

"ಭಾವೂಜಿ ಅಲ್ಲೇನ್ರಿ? ಮೀಸಿ ಎಲ್ಲೆ ಹೋದೂ?"

"ನನಗ ಮೀಸಿ ಯಾವಾಗ ಇತ್ತು ವೈನಿ?"

"ಇತ್ರಿ. ಬಾವಿ ಮುಚ್ಚಿದ ವರ್ಷ ಬಿಟ್ಟಿದ್ರಿ."

ಬಿಟ್ಟಿರಲಿಲ್ಲ. ಬಾವಿ ಇದ್ದ ಜಾಗದ ಮೇಲೂ ವಾದ ನಡೆಯಿತು. ನಾನು ಪಾನಿನ ಅಂಗಡಿ ತೋರಿಸಿದೆ, ಅವರು ಬೇವಿನ ಮರ ತೋರಿಸಿದರು. ಚಹಾ ಬಂತು. ನಳದ ಬಟ್ಟೆಯ ವಾಸನೆ ಇನ್ನೂ ಮೂಗಿನಲ್ಲಿತ್ತು. ಅದರಿಂದಲೋ ಏನೋ, ಯಾರ ಮುಂದೂ ಆಡದ ಮಾತು ಬಾಯಿಗೆ ಬಂತು.

"ವೈನಿ, ಅತ್ತೀಗಿ ನಾ ಮೋಸ ಮಾಡೇನಿ. ಆ ಜೀವಾಣಿ ಕೆರೀಗಿ ಒಯ್ಯಲೇ ಇಲ್ಲ. ಗಟಾರಕ್ಕ ಸುರುವಿದೆ."

ವೈನಿ ಬಟ್ಟಲು ಕೆಳಗಿಟ್ಟು ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಅದು ನಿಮ್ಮ ಅತ್ತೀಗಿ ಗೊತ್ತಿತ್ರಿ! ನಿಮಗ ಜ್ವರ ಬಿಟ್ಟ ಮ್ಯಾಲ ಮೊದಲನೇ ದಿನಾನ ಹಳ್ಳ ಬಂದು ಕಳಂಬಾ ದಾರಿ ಕಟ್ಟಿತ್ತು, ಸಖಾರಾಮ ಸುತ್ತ ಹಾದು ಬಂದು ಹಾಲು ಹಾಕೂದ್ರಾಗ ನಡು ಮಧ್ಯಾಹ್ನ ಆಗಿತ್ತು. ನೀವು ಅವತ್ತ ಮುಂಜಾನೇನ ಕೆರಿ ಮ್ಯಾಲ ಬೆಳ್ಳಕ್ಕಿ ಎಣಿಸಿ ಬಂದಿದ್ರಿ."

ನನ್ನ ಬಟ್ಟಲನ್ನೂ ಕೆಳಗಿಟ್ಟೆ.

"ನಿಮಗ ಜ್ವರ ಬಂದಾಗಿಂದ ಜೀವಾಣಿ ಸಖಾರಾಮನ ಒಯ್ತಿದ್ದ. ಹಾಲು ಹಾಕಿ ಹೆಂಗೂ ಅವನು ತಿರುಗಿ ಆ ಕೆರಿ ದಂಡಿ ಹಿಡದ ಹೋಗಾಂವ. ಎಮ್ಮಿ ಮೈ ತೊಳ್ಯಾಕ ನೀರಿಗಿ ಇಳ್ಯಾಂವ. ನಮ್ಮನ್ಯಾಗಿನ ಚೆಂಬಿನ್ಯಾಗ ಹಾಕಿ ನಾನ ಅವನ ಕೈಯಾಗ ಕೊಡ್ತಿದ್ದೆ. ನಿಮ್ಮ ಅತ್ತಿ ಇರೂತನಾ ಒಯ್ದ. ಪುಣ್ಯಾತ್ಮ, ಒಂದು ದಿನಾ ತಪ್ಪಿಸಲಿಲ್ಲ."

ಕಳಂಬಾದಿಂದ ದಿನವೂ ಬಂದು ಕಳಂಬಾಕ್ಕೆ ದಿನವೂ ಮರಳುವ ಮನುಷ್ಯ ನನ್ನ ಕಣ್ಣೆದುರಿಗೇ ಹಾದು ಹೋಗುತ್ತಿದ್ದ. ಬಿ.ಎಸ್ಸಿ. ಓದಿದವನಿಗೆ ಅದು ಹೊಳೆದಿರಲಿಲ್ಲ.

"ಮತ್ತ ನನ್ನ ಗಿಂಡಿ? ನನಗ ದಿನಾ ಗಿಂಡಿ ಕೊಡ್ತಿದ್ದಳಲ್ಲ?"

"ಅದನ್ನ ನಾನೂ ಕೇಳಿದೆ. 'ಖರೇ ಹೇಳಿ ಬಿಡ್ರಿ ಚಂಪಕ್ಕಾ, ಮಳ್ಯಾಗ ಯಾಕ ಸುಮ್ಮ ತೋಯಸ್ತೀರಿ' ಅಂದೆ. ಅದಕ್ಕ ಅವರು, 'ಬ್ಯಾಡ ಗಂಗವ್ವಾ, ತಾ ಒಯ್ತಾನಂತನ ಅತ್ತಿ ಈ ಮನ್ಯಾಗ ಉಳದಾಳ ಅಂತ ತಿಳದಾನ, ತಿಳೀಲಿ. ನನ್ನ ಸಲುವಾಗಿ ಸುಳ್ಳು ಹೇಳಾಂವನ ಕೈಯಾಗ ಜೀವಾ ಕೊಡಬಾರದು. ಗಿಂಡ್ಯಾಗ ಬರೇ ಸೋಸಿದ ನೀರ ಹಾಕಿ ಕೊಡ್ತೇನಿ. ಎಲ್ಲೆ ಸುರುವಿದ್ರೂ ಅವಗ ಪಾಪ ಹತ್ತೂದಿಲ್ಲ' ಅಂದ್ರು."

ಹೊತ್ತು ಇಳಿಯುತ್ತಿತ್ತು. ಇಚಲಕರಂಜಿಯ ಬಸ್ಸಿನಲ್ಲಿ ಕುಳಿತ ಮೇಲೆ ಹಳೆಯ ಚಾಳಿ ತಲೆ ಎತ್ತಿತು. ಮೀಸೆ ಇಲ್ಲದವನಿಗೆ ಮೀಸೆ ಇತ್ತೆನ್ನುವ ಮುದುಕಿಯ ಮಾತು ಎಷ್ಟು ನಂಬುವುದು? ನನ್ನ ಸಂಕಟ ಕಂಡು ಸಮಾಧಾನಕ್ಕೆ ಹೆಣೆದದ್ದೂ ಇರಬಹುದಲ್ಲ?

ಮನೆಗೆ ಬಂದು ಟ್ರಂಕು ತೆಗೆದೆ. ತಳದಲ್ಲಿ ಆ ನೋಟುಬುಕ್ಕು ಇತ್ತು. ಹಾಳೆ ಹಳದಿಯಾಗಿದೆ, ಅಕ್ಷರ ನನ್ನದೇ. "ನಳದ ನೀರು ಸೋಸಿದ ಬಟ್ಟೆಯ ಜಾಲಿಸಿದ ನೀರು. ಮೂರು ಸ್ಲೈಡು. ಜೀವ ಇಲ್ಲ. ಕಸ ಇಲ್ಲ. ಬಟ್ಟೆಯ ಎಳೆಯೂ ಇಲ್ಲ." ಕೆಳಗೆ ಹೆಮ್ಮೆಯಿಂದ ಎಳೆದ ಎರಡು ಗೆರೆ.

ನಾನು ಎಷ್ಟೋ ವರ್ಷ ಮಳೆಗಾಲದ ಕೆರೆಯ ನೀರನ್ನು ತರಗತಿಯಲ್ಲಿ ತೋರಿಸಿದವನು. ಜೀವ ಕಾಣದ ಒಂದು ಹನಿಯೂ ನನಗೆ ಸಿಕ್ಕಿಲ್ಲ. ಶ್ರಾವಣದ ಕೆರೆ, ಹಿಂದಿನ ದಿನವೆಲ್ಲ ನಳದ ಬಾಯಿಗೆ ಕಟ್ಟಿದ್ದ ಬಟ್ಟೆ, ಅದನ್ನು ಜಾಲಿಸಿದ ನೀರು. ಅದರಲ್ಲಿ ಒಂದು ಎಳೆಯೂ ಇಲ್ಲದಿರುವುದು ಹೇಗೆ ಎಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಒಲೆಯ ಮುಂದೆ ಅಲುಗುತ್ತಿದ್ದ ಆ ಭುಜಗಳು ನೆನಪಾದವು. ಅತ್ತೆ ಅಂದು ನಗುತ್ತಿದ್ದಳು.

ಆ ಹಾಳೆಯನ್ನು ಮತ್ತೊಮ್ಮೆ ಓದಿದೆ. ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಮಳೆಗೆ ಹೊರಟವನ ಕೈಗೆ ಮುಚ್ಚಳ ಹಾಕಿ ಕೊಟ್ಟ ನೀರು. ಮೂರು ಸ್ಲೈಡಿನಲ್ಲೂ ನಾನು ನೋಡಿದ್ದು ಅದನ್ನೇ.